ಕೇಳದೆ ವಿಧಿಸಿದ ದಂಡನೆ

ತಪ್ಪಿತಸ್ಥನೆಂದು ಎಲ್ಲರೂ ನಂಬಿರುವ ಮನುಷ್ಯನಿಗೆ, ದಂಡಿಸುವ ಮುನ್ನ ಮಾತಾಡಲು ಅವಕಾಶವೀಯುವುದು ಅಗತ್ಯವೇ? ಅವನು ಏನು ಹೇಳಿದರೂ ತೀರ್ಮಾನ ಬದಲಾಗದೆಂದಾದರೆ ಆ ವಿಚಾರಣೆ ಬರಿಯ ಕಾಟಾಚಾರವಲ್ಲವೇ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿದ ಮೊಕದ್ದಮೆಯೊಂದು ಇಂಗ್ಲೆಂಡಿನಲ್ಲಿ ನಡೆಯಿತು.

ಬ್ರೈಟನ್ ನಗರದ ಪೊಲೀಸ್ ಮುಖ್ಯಾಧಿಕಾರಿ ಚಾರ್ಲ್ಸ್ ರಿಡ್ಜ್ ಎಂಬವರ ಮೇಲೆ 1957ರಲ್ಲಿ, ನ್ಯಾಯಕ್ಕೆ ಅಡ್ಡಿಯೊಡ್ಡಲು ಒಳಸಂಚು ನಡೆಸಿದರೆಂಬ ಆರೋಪ ಬಂದಿತು. 1958ರ ಫೆಬ್ರವರಿಯಲ್ಲಿ ಜ್ಯೂರಿಯವರು ಅವರನ್ನು ನಿರ್ದೋಷಿಯೆಂದರು. ಆದರೆ ಅಪರಾಧಿಗಳೆಂದು ಕಂಡುಬಂದ ಇಬ್ಬರು ಕೈಕೆಳಗಿನ ಅಧಿಕಾರಿಗಳಿಗೆ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು, ಮೇಲಧಿಕಾರಿಯಿಂದ ಅವರಿಗೆ ತಕ್ಕ ನೈತಿಕ ಮುಂದಾಳುತನ ದೊರೆಯಲಿಲ್ಲವೆಂದು ಖಂಡಿಸಿದರು. ಪೊಲೀಸರ ಮೇಲ್ವಿಚಾರಣೆಗೆಂದಿದ್ದ ನಗರಸಭೆಯ ಸಮಿತಿ ಮಾರ್ಚ್ 7ರಂದು ಸೇರಿ, ರಿಡ್ಜರಿಗೆ ಆರೋಪವನ್ನು ತಿಳಿಸದೆ, ಅವರ ಮಾತನ್ನು ಕೇಳದೆ, ಅವರನ್ನು ವಜಾ ಮಾಡಿತು. 33 ವರ್ಷಗಳ ಸೇವೆಯೂ ಅದರೊಡನೆ ವಿಶ್ರಾಂತಿವೇತನದ ಹಕ್ಕೂ ಒಂದೇ ದಿನ ಹೋದುವು. ಹನ್ನೊಂದು ದಿನಗಳ ಬಳಿಕ ಸಮಿತಿ ಅವರ ವಕೀಲರ ಮಾತನ್ನು ಕೇಳಿತು, ತನ್ನ ನಿರ್ಣಯಕ್ಕೇ ಅಂಟಿಕೊಂಡಿತು.

ಕೆಳಗಿನ ನ್ಯಾಯಾಲಯಗಳು ಸಮಿತಿಯ ಪಕ್ಷವನ್ನೇ ಎತ್ತಿಹಿಡಿದುವು. ಅಂದು ಆ ದೇಶದ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮಾತ್ರ 1963ರ ಮಾರ್ಚ್ 14ರಂದು, ಬಹುಮತದಿಂದ, ಆ ವಜಾ ಅಸಿಂಧುವೆಂದು ಸಾರಿತು. ರಿಡ್ಜ್ ಒಳ್ಳೆಯ ಅಧಿಕಾರಿಯಾಗಿದ್ದರೆಂದು ಅದು ಹೇಳಲಿಲ್ಲ. ಸಮಿತಿಯ ಮುಂದೆ ಮೂರು ದಾರಿಗಳಿದ್ದುವು: ಮತ್ತೆ ಹುದ್ದೆಯಲ್ಲಿ ನೆಲೆಗೊಳಿಸುವುದು, ವಜಾ ಮಾಡುವುದು, ಇಲ್ಲವೆ ವಿಶ್ರಾಂತಿವೇತನ ಉಳಿಯುವಂತೆ ರಾಜೀನಾಮೆ ಕೊಡಿಸುವುದು. ಕೇಳಿದ್ದರೆ ಯಾವ ದಾರಿ ತೋರುತ್ತಿತ್ತೆಂದು ಕೇಳದವರು ಹೇಗೆ ಬಲ್ಲರು?

ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವದ ಇನ್ನೊಂದು ಮಗ್ಗುಲನ್ನು ತೋರಿಸಿತು. ವಜಾ ಆಗಿದ್ದ ಆಂಧ್ರ ಪ್ರದೇಶದ ಒಬ್ಬ ಪೊಲೀಸ್ ಸಬ್‌ಇನ್ಸ್‌ಪೆಕ್ಟರರ ಪರವಾಗಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಧಿಕಾರವುಳ್ಳವರು ವಿಚಾರಣೆ ನಡೆಸಿದರೇ, ಕ್ರಮ ತಪ್ಪಲಿಲ್ಲವೇ, ತೀರ್ಮಾನಕ್ಕೆ ಸಾಕ್ಷ್ಯದ ಆಧಾರವಿದೆಯೇ ಎಂಬುದನ್ನಷ್ಟೆ ನ್ಯಾಯಾಲಯ ನೋಡಬೇಕು. ಸಾಕ್ಷ್ಯವನ್ನು ತಾನೇ ಮತ್ತೆ ತೂಗಲಾಗದು ಎಂದಿತು. ಸರಕಾರಿ ನೌಕರನನ್ನು ವಜಾ ಮಾಡುವ ಮುನ್ನ ಆರೋಪ ತಿಳಿಸಿ ಅವನ ಸಮಾಧಾನವನ್ನು ಕೇಳಬೇಕೆಂದು ನಮ್ಮ ಸಂವಿಧಾನದ 311ನೆಯ ವಿಧಿಯೇ, ಕೆಲವು ಅಪವಾದಗಳನ್ನುಳಿದು, ವಿಧಿಸಿದೆ.

ಎರಡು ತೀರ್ಪುಗಳೂ ವಿರುದ್ಧವಾಗಿ ತೋರಿದರೂ ತತ್ತ್ವದಲ್ಲಿ ಒಂದೇ. ನ್ಯಾಯಾಲಯ ಕಾಯುವುದು ತೀರ್ಮಾನಕ್ಕೆ ಹೋಗುವ ದಾರಿಯನ್ನು. ದಾರಿ ನೇರವಾಗಿದ್ದರೆ ಕಠಿಣವಾದ ತೀರ್ಮಾನವೂ ನಿಲ್ಲುತ್ತದೆ. ದಾರಿ ತಪ್ಪಿದ್ದರೆ ಸರಿಯಾದ ತೀರ್ಮಾನವೂ ಬೀಳುತ್ತದೆ. ಇದರಿಂದ ಒಮ್ಮೊಮ್ಮೆ ಅಯೋಗ್ಯನೂ ಬದುಕಿಕೊಂಡಾನು. ಆ ಬೆಲೆಯನ್ನು ತೆತ್ತೇ ತೀರಬೇಕು. ಏಕೆಂದರೆ ಇತರರನ್ನು ಬಂಧಿಸುವ ಅಧಿಕಾರ ಪೊಲೀಸನಿಗಿದೆ. ತನ್ನ ಮಾತಿಗೆ ಕಿವಿಗೊಡದ ವ್ಯವಸ್ಥೆಯಲ್ಲಿ ದುಡಿಯುವವನು ತನ್ನೆದುರು ನಿಂತ ಬಡವನ ಮಾತಿಗೆ ಕಿವಿಗೊಡಲು ಎಲ್ಲಿ ಕಲಿತಾನು?

ಶಾಲೆಯಲ್ಲಿ ನಮಗೂ ಈ ಅಧಿಕಾರ ಅಲ್ಪಪ್ರಮಾಣದಲ್ಲಿ ಉಂಟು. ಹುಡುಗನನ್ನು ದಂಡಿಸುವ ಮುನ್ನ “ಏನಪ್ಪಾ, ನೀನೇನು ಹೇಳುತ್ತೀಯೆ?” ಎಂದು ಕೇಳಲು ಅರೆನಿಮಿಷ ಸಾಕು. ದಂಡನೆ ಅವನಿಗೆ ತಪ್ಪದೆ ಹೋಗಬಹುದು. ಆದರೆ ಅನ್ಯಾಯದಿಂದ ನಾವು ತಪ್ಪಿಸಿಕೊಳ್ಳುತ್ತೇವೆ.