ಕಾಣದ್ದಕ್ಕೆ ಸಾಕ್ಷಿ ಹಾಕಬಹುದೆ?

ನೆರೆಮನೆಯವರು ಕಾಗದ ಹಿಡಿದು ಬರುತ್ತಾರೆ. "ಅಪ್ಪನ ಉಯಿಲು. ನಿನ್ನೆಯೇ ಸಹಿ ಹಾಕಿದ್ದಾರೆ. ಸಾಕ್ಷಿಯ ಜಾಗದಲ್ಲಿ ನಿಮ್ಮದೊಂದು ಸಹಿ ಹಾಕಿಬಿಡಿ." ನಂಬಿಕಸ್ಥ ಜನ, ಇಲ್ಲವೆನ್ನಲು ದಾಕ್ಷಿಣ್ಯ. ಹಾಕಿದರೆ ತಪ್ಪೇನು?

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರ 63ನೆಯ ಕಲಂ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಸಾಕ್ಷಿಗಳು ಕಂಡಿರಬೇಕು. ಇಲ್ಲವೇ 'ಇದು ನನ್ನದೇ' ಎಂದು ಅವರಿಂದಲೇ ತಿಳಿದಿರಬೇಕು. ಬಳಿಕ ಅವರೆದುರಿನಲ್ಲೇ ಸಹಿ ಹಾಕಬೇಕು. 67ನೆಯ ಕಲಂ ಪ್ರಕಾರ, ಸಾಕ್ಷಿ ಹಾಕಿದವರಿಗಾಗಲಿ ಅವರ ಪತಿ ಅಥವಾ ಪತ್ನಿಗಾಗಲಿ ಆ ಉಯಿಲಿನಲ್ಲಿ ಬಿಟ್ಟ ಆಸ್ತಿ ದಕ್ಕದು.

ಬರೆಸಿದವರು ಕಣ್ಮುಚ್ಚಿದ ಮೇಲೆ ಅವರ ಪರವಾಗಿ ಮಾತನಾಡಬೇಕಾದವನು ಸಾಕ್ಷಿಯೇ. ಅವನ ಸಹಿಯ ಅರ್ಥ 'ಈ ಮನೆಯವರು ಒಳ್ಳೆಯವರು' ಎಂದಲ್ಲ. 'ನಾನು ಬಲ್ಲೆ' ಎಂದು. ಕಾಣದೆ, ಕೇಳದೆ ಹಾಕಿದರೆ, ಉಯಿಲು ನಿಜವೇ ಆಗಿದ್ದರೂ ನಮ್ಮ ಮಾತು ಸುಳ್ಳು. ಸುಳ್ಳುಸಾಕ್ಷಿ ಬೇಡವೆನ್ನುವ ಎಂಟನೆಯ ದೈವಾಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರವಲ್ಲ, ನಮ್ಮ ಮನೆಯ ಜಗಲಿಗೂ ಸಲ್ಲುತ್ತದೆ.

ಹಾಗೆಂದು ನೆರೆಯವರನ್ನು ಬರಿಗೈಯಲ್ಲಿ ಕಳಿಸಬೇಕಿಲ್ಲ. "ನಡೆಯಿರಿ, ಅಪ್ಪನ ಹತ್ತಿರ ಹೋಗೋಣ" ಎನ್ನೋಣ. ಅವರ ಪಕ್ಕದಲ್ಲಿ ಕುಳಿತು, ಅವರ ಮಾತು ಕೇಳಿ, ಆಮೇಲೆ ಸಹಿ ಹಾಕೋಣ.