ಮರೆಯೂ ಮುಖವಾಡವೂ

ಅಡಗಿಕೊಳ್ಳುವುದೂ ಸುಳ್ಳು ಹೇಳುವುದೂ ಒಂದೆಯೆ? ನೀತಿಶಾಸ್ತ್ರದ ಹೊತ್ತಗೆಗಳಲ್ಲಿ ಇದಕ್ಕೆ ಉತ್ತರ ಹುಡುಕುವವರು ಹುಡುಕಲಿ. ನನಗೆ ಅದರ ಎಳೆ ಸಿಕ್ಕಿದ್ದು ಯುದ್ಧವಿಮಾನಗಳಿಗೆ ಬಳಿದ ಬಣ್ಣದಲ್ಲಿ.

ಎರಡನೆಯ ಮಹಾಯುದ್ಧ ಮೊದಲಾದಾಗ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಬೆನ್ನಿಗೆ ಮಣ್ಣಿನ ಕಂದನ್ನೂ ಗಿಡದ ಹಸುರನ್ನೂ ಬಳಿದಿದ್ದರು. ಮೇಲಿನಿಂದ ನೋಡಿದವನ ಕಣ್ಣಿಗೆ ಅವು ಹೊಲಗಾಡುಗಳಲ್ಲಿ ಬೆರೆತುಹೋಗಬೇಕು. 1941ರಲ್ಲಿ ಕಾಳಗ ಕಡಲಿನ ಮೇಲಕ್ಕೂ ಇನ್ನಷ್ಟು ಎತ್ತರಕ್ಕೂ ಸರಿದಾಗ ಕಂದು ಹೋಗಿ ಬೂದು ಬಂತು. ಇದರಲ್ಲಿ ಅಧರ್ಮವೇನೂ ನನಗೆ ಕಾಣದು. ಮಿಡತೆ ಹುಲ್ಲಿನ ಬಣ್ಣ ತಳೆದರೆ ಅದನ್ನು ವಂಚಕನೆಂದು ಜರಿಯುವವರುಂಟೆ?

ಆದರೆ ಹೀಗೆ ಮೈಯನ್ನೆಲ್ಲ ಮರೆಸಿಕೊಂಡ ಆ ವಿಮಾನಗಳೇ ರೆಕ್ಕೆಯ ಮೇಲೆ ದೇಶದ ಗುರುತಿನ ವೃತ್ತವನ್ನು ಹೊತ್ತಿದ್ದವು. 1923ರಲ್ಲಿ ಹೇಗ್ ನಗರದಲ್ಲಿ ನ್ಯಾಯಶಾಸ್ತ್ರಜ್ಞರು ವಾಯುಯುದ್ಧಕ್ಕೆ ಕೆಲವು ನಿಯಮಗಳನ್ನು ರಚಿಸಿದರು. ಯುದ್ಧವಿಮಾನ ತನ್ನ ರಾಷ್ಟ್ರದ ಗುರುತನ್ನು ಹೊರಗೆ ಕಾಣುವಂತೆ ಧರಿಸಬೇಕು. ಸುಳ್ಳು ಗುರುತನ್ನು ಧರಿಸಕೂಡದು. ರಾಷ್ಟ್ರಗಳು ಅದನ್ನು ಕರಾರಾಗಿ ಅಂಗೀಕರಿಸಲಿಲ್ಲ. ಆದರೂ ಅದರೊಳಗಿನ ವಿವೇಕ ದೊಡ್ಡದು. ಕಾಣದಿರುವ ಹಕ್ಕು ನನಗುಂಟು. ಮತ್ತೊಬ್ಬನಾಗಿ ಕಾಣುವ ಹಕ್ಕಿಲ್ಲ. ಮೊದಲನೆಯದು ಹಗೆಯ ಕಣ್ಣನ್ನು ತಪ್ಪಿಸುತ್ತದೆ. ಎರಡನೆಯದು ಅವನ ನಂಬಿಕೆಯನ್ನೇ ಕೊಲ್ಲುತ್ತದೆ. ದ್ರೋಣ ಕೇಳಿದಾಗ ಧರ್ಮರಾಯ ಬಾಯಿ ಬಿಡದಿದ್ದರೆ ಅದು ಮರೆ. ಮಗನ ಹೆಸರನ್ನು ಗಟ್ಟಿಯಾಗಿ ಹೇಳಿ ಆನೆಯನ್ನು ಮೆಲ್ಲಗೆ ನುಂಗಿಕೊಂಡದ್ದು ಮುಖವಾಡ.

ಇಷ್ಟಕ್ಕೆ ಮುಗಿಯುವುದಿಲ್ಲ. ಗುರುತು ಬೇಕಾದದ್ದು ಹಗೆಗಿಂತ ಹೆಚ್ಚಾಗಿ ತನ್ನವರಿಗೆ. 1939ರ ಸೆಪ್ಟೆಂಬರ್ 6ರಂದು, ಯುದ್ಧ ಘೋಷಣೆಯಾದ ಮೂರನೆಯ ದಿನವೇ, ಬ್ರಿಟಿಷ್ ಸ್ಪಿಟ್‌ಫೈರುಗಳು ಬ್ರಿಟಿಷ್ ಹರಿಕೇನ್‌ಗಳನ್ನೇ ಶತ್ರುವೆಂದು ಬಗೆದು ಹೊಡೆದುರುಳಿಸಿದವು. ಒಬ್ಬ ತರುಣ ವೈಮಾನಿಕ ಸತ್ತ. 1943ರ ಜುಲೈ 11ರ ರಾತ್ರಿ ಸಿಸಿಲಿಯ ಮೇಲೆ ಹಾರಿದ 144 ಅಮೆರಿಕನ್ ಸಾಗಣೆ ವಿಮಾನಗಳಲ್ಲಿ 23 ತಮ್ಮ ಪಕ್ಷದ ತೋಪುಗಳಿಗೇ ಬಲಿಯಾದವು. ಬರ್ಮಾದ ರಣರಂಗದಲ್ಲಿ ಜಪಾನಿನ ಕೆಂಪು ಸೂರ್ಯನ ಭೀತಿ ಎಷ್ಟಿತ್ತೆಂದರೆ, ಬ್ರಿಟಿಷರೂ ಅವರೊಡನೆ ಹಾರುತ್ತಿದ್ದ ನಮ್ಮ ಭಾರತೀಯ ದಳಗಳೂ ತಮ್ಮ ವೃತ್ತದ ನಡುವಿನ ಕೆಂಪನ್ನೇ ಅಳಿಸಿಬಿಡಬೇಕಾಯಿತು. ಹೆದರಿದ ಕಣ್ಣು ಮುಖವನ್ನು ನೋಡುವುದಿಲ್ಲ, ಒಂದು ಚುಕ್ಕೆಯನ್ನು ನೋಡುತ್ತದೆ.

ಆದ್ದರಿಂದಲೇ 1944ರ ಜೂನ್‌ನಲ್ಲಿ, ನಾರ್ಮಂಡಿಯ ದಂಡಯಾತ್ರೆಯ ಮುನ್ನಾದಿನಗಳಲ್ಲಿ, ಮಿತ್ರರಾಷ್ಟ್ರಗಳ ಬಹುಪಾಲು ವಿಮಾನಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಅವಸರದಿಂದ ಬಳಿದರು. ಐದು ವರ್ಷ ಅಡಗುವ ಕಲೆಯನ್ನು ಸಾಧಿಸಿದವರು ಒಮ್ಮೆಗೇ ದೂರಕ್ಕೂ ಕಾಣುವಂತಾದರು. ಹಗೆಗೂ ಕಾಣುತ್ತೇವೆಂಬುದು ಅವರಿಗೆ ತಿಳಿಯದ ಮಾತಲ್ಲ. ತನ್ನವರ ಕೈಯಲ್ಲಿ ಸಾಯುವುದಕ್ಕಿಂತ ಅದು ಲೇಸೆಂದು ತೂಗಿ ನೋಡಿದ್ದರು.

ನಮ್ಮ ಬಾಳಿಗೂ ಈ ಮೂರು ಮಾತು ಸಲ್ಲುವುವೆಂದು ನನ್ನ ಎಣಿಕೆ. ತಿಂಗಳ ಕೊನೆಯಲ್ಲಿ ಕೈ ಬರಿದಾಗಿದ್ದರೂ ಬಂದ ನೆಂಟರ ಮುಂದೆ ಅದನ್ನು ಆಡಿಕೊಳ್ಳದೆ ಕಾಫಿ ಕೊಡುತ್ತೇವೆ. ಅದು ಮರೆ, ಅದರಲ್ಲೊಂದು ಮರ್ಯಾದೆಯೂ ಇದೆ. ಸಾಲ ತಂದು ಮಗಳ ಮದುವೆಯಲ್ಲಿ ಸಿರಿವಂತರ ವೇಷ ತೊಡುವುದು ಮುಖವಾಡ. ಬೀಗರು ನಂಬುವುದು ಆ ವೇಷವನ್ನು. ನಾಳೆ ಅದಕ್ಕೆ ಲೆಕ್ಕ ಕೊಡಬೇಕಾದವಳು ಮಗಳು. ಇನ್ನು ಹೆಂಡತಿ ಮಕ್ಕಳಿಗೂ ಕಾಣದಂತೆ ನೋವನ್ನು ಅಡಗಿಸಿಟ್ಟವನಿಗೆ ಅವರು ಸಹಜವಾಗಿ ಆಡಿದ ಮಾತೇ ಗುಂಡಿನಂತೆ ತಾಗುತ್ತದೆ. ಅವನು ಅವರ ಕಾಠಿಣ್ಯವನ್ನು ದೂರುತ್ತಾನೆ. ಪಾಪ, ಅವರಾದರೂ ಏನು ಮಾಡಿಯಾರು? ಅವನ ರೆಕ್ಕೆಯ ಮೇಲೆ ಪಟ್ಟೆಯೇ ಇರಲಿಲ್ಲ.

ಲೋಕದಿಂದ ಮರೆಯಾಗಿರುವುದು ತಪ್ಪಲ್ಲ. ಆದರೆ ತನ್ನವರಿಗೆ ಕಾಣಬೇಕಾದರೆ ಲೋಕಕ್ಕೂ ಕೊಂಚ ಕಾಣಬೇಕಾಗುತ್ತದೆ. ಅಷ್ಟು ಬೆಲೆ ತೆರಲೇಬೇಕು.