ಕಾಣಿಕೆಗಿಂತ ಮುಂಚೆ ಕೂಲಿ

ವಾಕ್ಯಭಾಗ: ಮತ್ತಾಯ 20:1-16; ಧರ್ಮೋಪದೇಶಕಾಂಡ 24:14-15; ಯಾಕೋಬ 5:4

ಬಸವಕಲ್ಯಾಣದಿಂದ, ಹುಮನಾಬಾದಿಂದ, ಸುತ್ತಲಿನ ಹಳ್ಳಿಗಳಿಂದ ಬಂದಿರುವ ಪ್ರತಿಯೊಂದು ಕುಟುಂಬವನ್ನೂ ದೇವರು ಆಶೀರ್ವದಿಸಲಿ. ಹಲ್ಲೆಲೂಯ!

ಪ್ರಿಯರೇ, ಎರಡು ವಾರದ ಹಿಂದೆ ನಮ್ಮ ಸಭೆಯ ಒಬ್ಬ ಸಹೋದರರು ನಮ್ಮ ಮನೆಗೆ ಬಂದಿದ್ರು. ಅವರ ಅಪ್ಪಣೆ ತಗೊಂಡೇ ಇದನ್ನ ಹೇಳ್ತಾ ಇದ್ದೀನಿ. ಅವರದು ರಸ್ತೆ ಪಕ್ಕ ಒಂದು ಸಣ್ಣ ನರ್ಸರಿ. ಮಾವು, ತೆಂಗು, ಗುಲಾಬಿ, ಕರಿಬೇವಿನ ಸಸಿ ಮಾರ್ತಾರೆ. ಹೊಸ ಮನೆ ಕಟ್ಟಿದವರ ಕಾಂಪೌಂಡಿನಲ್ಲಿ ತೋಟ ಹಾಕಿ ಕೊಡ್ತಾರೆ. ಕೆಲಸಕ್ಕೆ ಮೂರು ಜನ, ಒಬ್ಬ ಗಂಡಾಳು, ಇಬ್ಬರು ಹೆಣ್ಣುಮಕ್ಕಳು. ಮಳೆಗಾಲದಲ್ಲಿ ವ್ಯಾಪಾರ ಚೆನ್ನಾಗಿ ಆಯ್ತು ಅಂತ ಒಂದು ಕೃತಜ್ಞತಾ ಕಾಣಿಕೆಯ ಕವರ್ ತಂದಿದ್ರು. ಕವರ್ ಕೊಡೋಕೆ ಮುಂಚೆ ಒಂದು ಮಾತು ಕೇಳಿದ್ರು. "ಪಾಸ್ಟರ್, ದಶಮಾಂಶ ಎಷ್ಟು ಕೊಡಬೇಕಂತ ನೀವು ಕಲಿಸಿದ್ದೀರಿ. ಆಳಿಗೆ ಎಷ್ಟು ಕೊಡಬೇಕಂತ ಯಾವತ್ತೂ ಕಲಿಸಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸಹೋದರರೇ. ಅವರು ಹೇಳಿದ್ದು ಸತ್ಯ. ಹತ್ತರಲ್ಲಿ ಒಂದು ಭಾಗದ ಬಗ್ಗೆ ಎಷ್ಟೋ ಸಲ ಬೋಧಿಸಿದ್ದೀನಿ. ಉಳಿದ ಒಂಬತ್ತು ಭಾಗದಲ್ಲಿ ಇನ್ನೊಬ್ಬರ ಬೆವರು ಎಷ್ಟಿದೆ ಅಂತ ಬೋಧಿಸಿಲ್ಲ. ಅದಕ್ಕೇ ಇವತ್ತು ಈ ವಾಕ್ಯ.

ಮತ್ತಾಯ 20ನೇ ಅಧ್ಯಾಯ ತೆರೀರಿ. ಯೇಸುಸ್ವಾಮಿ ಹೇಳಿದ ಸಾಮ್ಯ ಕೂಡ ತೋಟದ್ದೇ, ದ್ರಾಕ್ಷೇತೋಟದ್ದು. ಯಜಮಾನನು ಬೆಳಗಾಗುತ್ತಲೇ ಹೊರಟು ಆಳುಗಳನ್ನ ಕರೆದ. ಕೆಲಸಕ್ಕೆ ಕಳಿಸೋ ಮುಂಚೆ ಏನು ಮಾಡಿದ? ಕೂಲಿ ಮಾತಾಡಿದ. ದಿನಕ್ಕೆ ಒಂದು ದೆನಾರಿ, ಅಂದ್ರೆ ಆ ಕಾಲದಲ್ಲಿ ಒಬ್ಬ ಆಳಿನ ಒಂದು ದಿನದ ಕೂಲಿ. ಆಮೇಲೆ ಒಂಬತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಕರೆದ. ಐದು ಗಂಟೆಗೆ ನಿಂತವರು ಸೋಮಾರಿಗಳಲ್ಲ, ಅವರನ್ನ ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು, ಯಾರಾದ್ರೂ ಕರೀತಾರಾ ಅಂತ ನಿಲ್ಲೋ ಜನರನ್ನ ನಾವೂ ನೋಡಿದ್ದೀವಿ ಅಲ್ರೀ? ಕರೆಯೋರು ಸಿಗದೆ ನಮ್ಮ ಎಷ್ಟೋ ಮನೆಯವರು ಹೆದ್ದಾರಿ ಹಿಡಿದು ಹೈದರಾಬಾದಿಗೆ, ಪುಣೆಗೆ ಹೋಗಿದ್ದಾರೆ.

ಈ ಸಾಮ್ಯ ಮೊದಲನೇದಾಗಿ ದೇವರ ಕೃಪೆಯ ಬಗ್ಗೆ ಇದೆ. ನಾವೆಲ್ಲ ಐದು ಗಂಟೆಗೆ ಬಂದವರು, ಆಮೆನ್? ಯೋಗ್ಯತೆಗಿಂತ ಹೆಚ್ಚು ಪಡೆದವರು. ಆದ್ರೆ ಒಂದು ವಿಷಯ ಗಮನಿಸಿ. ಆ ಯಜಮಾನನು ಒಂದು ಗಂಟೆ ದುಡಿದವನಿಗೂ ಪೂರ್ತಿ ದಿನದ ಕೂಲಿ ಕೊಟ್ಟ. ಯಾಕೆ? ಒಂದು ಗಂಟೆ ದುಡಿದವನ ಮನೆಯಲ್ಲೂ ಮಕ್ಕಳು ಪೂರ್ತಿ ಊಟ ಮಾಡಬೇಕು. ಅವನ ಕಣ್ಣು ಗಡಿಯಾರದ ಮೇಲಷ್ಟೇ ಇರಲಿಲ್ಲ, ಆಳಿನ ಒಲೆಯ ಮೇಲೂ ಇತ್ತು. ಅಂಥಾ ಕೃಪೆ ಪಡೆದವರು ನಾವು, ನಮ್ಮ ಆಳಿನ ಮುಂದೆ ಪೈಸೆ ಪೈಸೆ ಎಣಿಸಿದ್ರೆ ಹೇಗೆ?

ಈಗ ಆ ಸಹೋದರರ ಲೆಕ್ಕಕ್ಕೆ ಬರೋಣ. ಗಂಡಾಳಿಗೆ 500, ಹೆಣ್ಣುಮಕ್ಕಳಿಗೆ 300 ಕೊಡ್ತಿದ್ರು. "ಎಲ್ಲರೂ ಹಂಗೇ ಕೊಡ್ತಾರೆ ಪಾಸ್ಟರ್" ಅಂದ್ರು. ನಾನು ಕೇಳಿದೆ, ಉದ್ಯೋಗ ಖಾತ್ರಿಯಲ್ಲಿ ಎಷ್ಟು? 2025-26ರಲ್ಲಿ ಕರ್ನಾಟಕಕ್ಕೆ ದಿನಕ್ಕೆ 370 ರೂಪಾಯಿ, ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ ನಮ್ಮ ದೇಶದಲ್ಲಿ 1976ರಲ್ಲೇ ಕಾನೂನು ಬಂದಿದೆ. ಸರ್ಕಾರದ ಕೆಲಸಕ್ಕಿಂತ ಕಡಿಮೆ ಕೊಟ್ಟು, ದೇವರ ಮಕ್ಕಳು ಅಂತ ಹೆಸರು ಹೇಳ್ಕೊಂಡ್ರೆ ಯಾರು ನಂಬ್ತಾರೆ? ಗುಂಡಿ ತೋಡೋದು ಭಾರದ ಕೆಲಸ, ನಿಜ. ಆದ್ರೆ ದಿನವಿಡೀ ಬಿಸಿಲಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬಿ, ಒಂದೊಂದು ಸಸಿಗೆ ನೀರು ಹಾಕಿ, ಕಳೆ ಕಿತ್ತು ಬದುಕಿಸೋರು ಯಾರು? ಆ ಇಬ್ಬರು ಅಕ್ಕಂದಿರು. ಸಸಿ ಒಣಗಿದ್ರೆ ನಿಮ್ಮ ಅಂಗಡಿಯೇ ಇಲ್ಲ.

ಅವರು ಇನ್ನೊಂದು ಹೇಳಿದ್ರು. "ಹೆಚ್ಚು ಕೊಟ್ರೆ ನನಗೆ ಏನು ಉಳೀತದ?" ಇದೂ ನ್ಯಾಯವಾದ ಪ್ರಶ್ನೆ, ನಗಬೇಡಿ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಪೇಪರ್ ತಗೊಂಡು ಬರೆದ್ವಿ. ಒಂದು ಮನೆಯ ತೋಟವನ್ನ 8,000ಕ್ಕೆ ಒಪ್ಪಿಕೊಂಡಿದ್ರು. ಸಸಿ, ಗೊಬ್ಬರ, ಕೆಂಪು ಮಣ್ಣು, ಗಾಡಿ ಬಾಡಿಗೆ ಸೇರಿ 4,500. ಆ ಇಬ್ಬರು ಅಕ್ಕಂದಿರು ಎರಡು ದಿನ ಕೆಲಸ ಮಾಡಿದ್ರು, ಅಂದ್ರೆ ನಾಲ್ಕು ಕೂಲಿ. 300ರಂತೆ 1,200. ಇವರಿಗೆ ಉಳಿದದ್ದು 2,300. ಅದೇ 500ರಂತೆ ಕೊಟ್ಟಿದ್ರೆ 2,000, ಉಳಿಯೋದು 1,500. ವ್ಯತ್ಯಾಸ 800 ರೂಪಾಯಿ.

ಪ್ರಿಯರೇ, ಆ 800 ಎಲ್ಲಿಂದ ಬರಬೇಕಿತ್ತು? ತೋಟ ಮಾಡಿಸಿಕೊಂಡ ಮನೆಯವರಿಂದ. ಆದ್ರೆ ಇವರು ಬೇರೆಯವರಿಗಿಂತ ಕಡಿಮೆ ರೇಟ್ ಹೇಳಿ ಕೆಲಸ ಹಿಡಿದಿದ್ರು. ಆ ಡಿಸ್ಕೌಂಟ್ ಕೊಟ್ಟವರು ಯಾರು? ಯಜಮಾನ ಅಲ್ಲ, ಆ ಇಬ್ಬರು ಬಡ ಅಕ್ಕಂದಿರು! ಅವರನ್ನ ಕೇಳದೇನೇ ಅವರ ಜೇಬಿನಿಂದ ಡಿಸ್ಕೌಂಟ್ ಕೊಟ್ಟುಬಿಟ್ರು. ಕೂಲಿ ತೀರ್ಮಾನ ಆಗೋದು ಶನಿವಾರ ಸಂಜೆ ಅಲ್ಲ, ನೀವು ಗಿರಾಕಿಗೆ ರೇಟ್ ಹೇಳ್ತೀರಲ್ಲ, ಆ ನಿಮಿಷದಲ್ಲಿ. ಮೊದಲು ಕೂಲಿ ಬರೀರಿ, ಆಮೇಲೆ ಸಾಮಾನು, ಆಮೇಲೆ ನಿಮ್ಮ ಪಾಲು. ಒಟ್ಟು ಕೂಡಿಸಿ ಧೈರ್ಯವಾಗಿ 8,800 ಅಂತ ಹೇಳ್ರಿ. ಕೆಲವು ಕೆಲಸ ಕೈ ತಪ್ಪಬಹುದು. ತಪ್ಪಲಿ. ಬಡವರ ಹೊಟ್ಟೆ ಮೇಲೆ ನಿಂತ ಕೆಲಸ ಕರ್ತನಿಗೆ ಬೇಡ.

ಎರಡನೇದು, ಸಮಯ. ಧರ್ಮೋಪದೇಶಕಾಂಡದಲ್ಲಿ ದೇವರು ಹೊತ್ತು ಮುಳುಗೋ ಗಡುವು ಇಟ್ಟಿದ್ದಾರೆ. ಬಡ ಕೂಲಿಗಾರನ ಜೀವ ಆ ಹಣದ ಮೇಲೇ ನಿಂತಿರ್ತದೆ ಅಂತ ದೇವರಿಗೆ ಗೊತ್ತು. ಸಾಮ್ಯದಲ್ಲೂ ಸಂಜೆಯಾದ ಕೂಡಲೇ ಕರೆದು ಕೊಟ್ಟರು. ನಾವು? "ಮುಂದಿನ ವಾರ ಬಾ, ಪಾರ್ಟಿ ಇನ್ನೂ ದುಡ್ಡು ಕೊಟ್ಟಿಲ್ಲ." ಮಳೆ ಬಂತು ಅಂತ ಮಧ್ಯಾಹ್ನ ಮನೆಗೆ ಕಳಿಸಿ ಅರ್ಧ ಕೂಲಿ ಹಿಡೀತೀವಿ. ಮಳೆ ಅವರ ತಪ್ಪಾ? ಲಾಬಾನನು ಯಾಕೋಬನ ಸಂಬಳವನ್ನ ಹತ್ತು ಸಲ ಬದಲಾಯಿಸಿದ. ದೇವರು ನೋಡ್ತಾ ಇದ್ದರು. ಹಿಡಿದಿಟ್ಟ ಕೂಲಿ ಸುಮ್ಮನೆ ಇರೋದಿಲ್ಲ, ಅದು ಕೂಗ್ತದೆ ಅಂತ ಅಪೊಸ್ತಲ ಯಾಕೋಬನು ಬರೆದಿದ್ದಾನೆ. ನಮ್ಮ ಸ್ತುತಿ ಆರಾಧನೆ ಪರಲೋಕಕ್ಕೆ ಮುಟ್ಟೋ ಹೊತ್ತಿಗೆ, ಆ ಕೂಗೂ ಅದೇ ಕಿವಿಗೆ ಮುಟ್ಟಿರ್ತದೆ.

ನಾನು ಬರೀ ನಿಮಗೆ ಹೇಳ್ತಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ವಯಸ್ಸಾದ ತಾಯಿ ನಮ್ಮ ಆರಾಧನಾ ಸ್ಥಳದ ಅಂಗಳ ಗುಡಿಸಿ ಗಿಡಕ್ಕೆ ನೀರು ಹಾಕ್ತಿದ್ರು. "ಅಮ್ಮಾ, ಇದು ಕರ್ತನ ಸೇವೆ" ಅಂತ ಹೇಳಿ ಕ್ರಿಸ್ಮಸ್‌ಗೆ ಒಂದು ಸೀರೆ ಕೊಟ್ಟು ಕಳಿಸ್ತಿದ್ದೆ. ಒಂದು ದಿನ ಮಾತ್ರೆ ತಗೋಳಕ್ಕೆ ನನ್ನ ಹತ್ರ ಸಾಲ ಕೇಳಿದ್ರು. ಸಾಲ! ನಾನೇ ಅವರಿಗೆ ಸಾಲಗಾರ ಆಗಿದ್ದೆ. ಅವತ್ತು ಮೊಣಕಾಲೂರಿ ಅತ್ತೆ. ಸೇವೆ ಅನ್ನೋ ಹೆಸರಲ್ಲಿ ನಾನು ಕೂಲಿ ಹಿಡಿದಿದ್ದೆ.

ನಾವಿರೋದು ಕಲ್ಯಾಣದಲ್ಲಿ. ಈ ಊರಲ್ಲಿ 12ನೇ ಶತಮಾನದಲ್ಲೇ ಶರಣರು ಕಾಯಕದ ಬೆಲೆ ಸಾರಿದ್ರು. ಗಂಡ ಮಾರಯ್ಯ ಅವತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಅಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಇಂಥಾ ಊರಿನ ಜನ ನಮ್ಮ ಪ್ರಸಂಗ ಕೇಳೋ ಮುಂಚೆ ನಮ್ಮ ಆಳುಗಳನ್ನ ಕೇಳ್ತಾರೆ. "ನಿಮ್ಮ ಯಜಮಾನ ಹೆಂಗ?" ಅದೇ ನಮ್ಮ ಸಾಕ್ಷಿ.

ಆ ಸಹೋದರರ ಕವರ್ ಅವತ್ತು ನಾನು ತಗೊಳ್ಳಲಿಲ್ಲ. ಇಬ್ಬರು ಅಕ್ಕಂದಿರಿಗೆ ಎರಡು ವಾರದ ಬಾಕಿ ಇತ್ತು. ಕಾಣಿಕೆಯನ್ನ ಯಜ್ಞವೇದಿಯ ಹತ್ರ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತ ಮತ್ತಾಯ 5ರಲ್ಲಿ ಕರ್ತನೇ ಕಲಿಸಿದ್ದಾರೆ. ಹೋದ ಶನಿವಾರ ಸಂಜೆ ಅವರು ಬಾಕಿ ತೀರಿಸಿದ್ರು, ಮೂವರಿಗೂ ಒಂದೇ ಕೂಲಿ ಮಾಡಿದ್ರು. ಇವತ್ತು ಬೆಳಿಗ್ಗೆ ಮತ್ತೆ ಕವರ್ ತಂದ್ರು. ಮೊದಲಿಗಿಂತ ತೆಳ್ಳಗಿತ್ತು. ನಾನು ಎರಡೂ ಕೈ ಚಾಚಿ ತಗೊಂಡೆ. ಹಲ್ಲೆಲೂಯ!

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ತಂದೆಯೇ, ನಮ್ಮ ಕೈಯಲ್ಲಿ ಯಾರ ಕೂಲಿ ಉಳಿದಿದೆಯೋ ಅವರ ಮುಖ ಈಗಲೇ ನಮಗೆ ನೆನಪು ಮಾಡು. ಕೊಡುವ ಮನಸ್ಸು ಕೊಡು, ಕೊಡಲು ಬೇಕಾದದ್ದನ್ನೂ ಒದಗಿಸು. ನಮ್ಮ ಮಧ್ಯೆ ಕೂಲಿ ಮಾಡುವವರ ಮನೆಯ ಒಲೆ ಆರದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.